ಓರೆಯಾಗಿ ಎಳೆದರೆ ನೆಲಕ್ಕೆಷ್ಟು ಭಾರ?

ನೆಲದ ಮೇಲಿಟ್ಟ ಪೆಟ್ಟಿಗೆಯನ್ನು ನೆಲ ಎಷ್ಟು ಬಲದಿಂದ ಮೇಲಕ್ಕೆ ಒತ್ತುತ್ತದೆ? ‘ಅದರ ತೂಕದಷ್ಟೇ’ ಎಂಬ ಉತ್ತರ ಥಟ್ಟನೆ ಬರುತ್ತದೆ. ಪೆಟ್ಟಿಗೆ ಸುಮ್ಮನೆ ಕುಳಿತಿರುವ ತನಕ ಅದು ಸರಿ. ಹಗ್ಗ ಕಟ್ಟಿ ಓರೆಯಾಗಿ ಎಳೆದ ಕೂಡಲೇ ತಪ್ಪು. ಈ ಒತ್ತುವಿಕೆಗೆ, ಅಂದರೆ ಅಭಿಲಂಬ ಬಲಕ್ಕೆ, ಸ್ವಂತದ್ದೊಂದು ಬೆಲೆಯಿಲ್ಲ. ಹಗ್ಗ ಹೊತ್ತು ಮಿಕ್ಕಿದ್ದನ್ನಷ್ಟೇ ನೆಲ ಹೊರುತ್ತದೆ.

ಪೆಟ್ಟಿಗೆ 20 ಕೆ.ಜಿ. ಇದೆ ಎನ್ನೋಣ. ಗುರುತ್ವದ ವೇಗೋತ್ಕರ್ಷವಾದ 9.8ರಿಂದ ಗುಣಿಸಿದರೆ ತೂಕ 196 ನ್ಯೂಟನ್. ಹಗ್ಗವನ್ನು ನೆಲದಿಂದ 30 ಡಿಗ್ರಿ ಮೇಲಕ್ಕೆ ಹಿಡಿದು 100 ನ್ಯೂಟನ್ ಬಲದಿಂದ ಎಳೆಯುತ್ತಿದ್ದೇವೆ. ಸೈನ್ 30 ಎಂದರೆ 0.5, ಹಾಗಾಗಿ 50 ನ್ಯೂಟನ್ ಮೇಲೆತ್ತುವುದಕ್ಕೆ ಹೋಯಿತು. ಕೊಸೈನ್ ಲೆಕ್ಕದಲ್ಲಿ 86.6 ನ್ಯೂಟನ್ ಮುಂದಕ್ಕೆಳೆಯುತ್ತದೆ. (ಎರಡನ್ನೂ ಕೂಡಿದರೆ 100 ಬರುವುದಿಲ್ಲವಲ್ಲ ಎಂದು ಗಾಬರಿ ಬೇಡ, ಇವುಗಳ ವರ್ಗಗಳನ್ನು ಕೂಡಬೇಕು.) ಪೆಟ್ಟಿಗೆ ಮೇಲಕ್ಕೇಳುತ್ತಿಲ್ಲ, ಕೆಳಕ್ಕೂ ಕುಸಿಯುತ್ತಿಲ್ಲ. ಅಂದ ಮೇಲೆ ನೆಲದ ಪಾಲು 196ರಲ್ಲಿ 50 ಕಳೆದು 146 ನ್ಯೂಟನ್.

ಅದೇ ಬಲದಿಂದ, ಅದೇ ಕೋನದಲ್ಲಿ, ಹಿಂದಿನಿಂದ ಕೆಳಮುಖವಾಗಿ ತಳ್ಳಿದರೆ? ಆ 50 ಈಗ ತೂಕಕ್ಕೆ ಸೇರಿ 246 ಆಗುತ್ತದೆ. ಘರ್ಷಣೆ ಅಭಿಲಂಬ ಬಲಕ್ಕೆ ಅನುಪಾತದಲ್ಲಿರುತ್ತದೆ ಎಂದು ಫ್ರಾನ್ಸಿನ ವಿಜ್ಞಾನಿ ಅಮೊಂಟೊ 1699ರಲ್ಲೇ ಹೇಳಿದ್ದ. ಘರ್ಷಣಾ ಗುಣಾಂಕ, ಅಂದರೆ ಆ ಅನುಪಾತದ ಸಂಖ್ಯೆ, 0.3 ಇದ್ದರೆ ಎಳೆಯುವಾಗ ಘರ್ಷಣೆ ಸುಮಾರು 44 ನ್ಯೂಟನ್, ತಳ್ಳುವಾಗ 74. ಮುಂದಕ್ಕೆ ಒಯ್ಯುವ ಬಲ ಎರಡೂ ಸಲ 86.6 ತಾನೆ? ಘರ್ಷಣೆಯನ್ನು ಕಳೆದರೆ ಒಂದು ಕಡೆ 43 ಉಳಿಯುತ್ತದೆ, ಇನ್ನೊಂದು ಕಡೆ ಬರೀ 13. ಎಳೆದ ಪೆಟ್ಟಿಗೆಯ ವೇಗ ಮೂರು ಪಟ್ಟಿಗೂ ಹೆಚ್ಚು ಚುರುಕಾಗಿ ಏರುತ್ತದೆ.

ಹಾಗೆಂದು ಹಗ್ಗವನ್ನು ಮೇಲೆತ್ತುತ್ತಲೇ ಹೋದರೆ ಲಾಭವಿಲ್ಲ. ಘರ್ಷಣೆಯ ಜೊತೆಗೆ ಮುಂದಕ್ಕೆಳೆಯುವ ಪಾಲೂ ಕರಗುತ್ತದೆ. ಕೋನದ ಟ್ಯಾನ್ ಬೆಲೆ ಘರ್ಷಣಾ ಗುಣಾಂಕಕ್ಕೆ ಸಮನಾದಾಗ ಅತಿ ಕಡಿಮೆ ಬಲ ಸಾಕು. ನಮ್ಮ ಪೆಟ್ಟಿಗೆಗೆ ಅದು ಸುಮಾರು 17 ಡಿಗ್ರಿ. ಅಡ್ಡಕ್ಕೇ ಎಳೆದರೆ ಬೇಕಾಗುವ 58.8 ನ್ಯೂಟನ್ ಬದಲು 56.3. ನಿಜ ಹೇಳಬೇಕೆಂದರೆ, ಉಳಿತಾಯ ಅಷ್ಟೇನಿಲ್ಲ. ನೆಲ ಒರಟಾಗಿ ಗುಣಾಂಕ 0.6 ಆದರೆ ಮಾತ್ರ ಸುಮಾರು 14 ಶೇಕಡಾ ಉಳಿಯುತ್ತದೆ.

ತಳ್ಳುವವರಿಗೆ ಅದೇ ಒರಟು ನೆಲ ಇನ್ನೊಂದು ಆಟ ಹೂಡುತ್ತದೆ. ಕೋನ ಸುಮಾರು 59 ಡಿಗ್ರಿ ದಾಟಿತೋ, ಎಷ್ಟೇ ಬಲ ಹಾಕಿದರೂ ಪೆಟ್ಟಿಗೆ ಕದಲದು. ತಳ್ಳುವ ಬಲ ಏರಿದಷ್ಟೂ ಘರ್ಷಣೆಯ ಮಿತಿ ಮುಂದಕ್ಕೆ ಒಯ್ಯುವ ಪಾಲಿಗಿಂತ ಬೇಗ ಏರುತ್ತದೆ.