ಐದು ಗುಂಟೆಯ ಧೈರ್ಯ

ಎರಡು ಎಕರೆ ಮಳೆಯಾಶ್ರಿತ ಹೊಲದಲ್ಲಿ ರಾಗಿ ಬೆಳೆಯುವ ಮನೆಯವರು ಹೊಸ ಪದ್ಧತಿಗೆ ಕೈಹಾಕುವ ಮುಂಚೆ ನಷ್ಟದ ಲೆಕ್ಕ ಹಾಕಬೇಕು. ಎಕರೆಗೆ 6 ಕ್ವಿಂಟಲ್ ಬರುವ ಹೊಲ ಅಂದುಕೊಳ್ಳಿ; ಒಟ್ಟು 12. ದಿನಕ್ಕೆ ಒಂದೂವರೆ ಕೆಜಿ ಹಿಟ್ಟು ಖರ್ಚಾಗುವ ಮನೆಗೆ ವರ್ಷಕ್ಕೆ ಸುಮಾರು ಐದೂವರೆ ಕ್ವಿಂಟಲ್ ಬೇಕು. ಐದು ಗುಂಟೆಯಲ್ಲಿ ಹೊಸದನ್ನು ಮಾಡಿ ನೋಡಿ, ಅದು ಪೂರ್ತಿ ನೆಲಕಚ್ಚಿದರೂ ಹೋಗುವುದು 75 ಕೆಜಿ. ಮಾರುವ ರಾಗಿಯಲ್ಲಿ ಒಂದು ಚೀಲ ಕಡಿಮೆಯಾದೀತು, ಊಟದ ರಾಗಿ ಕಣಜದಲ್ಲೇ ಇರುತ್ತದೆ. ಎರಡೂ ಎಕರೆಗೆ ಒಮ್ಮೆಲೇ ಹೊಸದನ್ನು ಹಾಕುವುದನ್ನು ಮಾತ್ರ ಜೂಜು ಎನ್ನಬೇಕು. ಸೋತರೆ ಆ ಮನೆಗೆ ಪೆಟ್ಟು ಬೀಳುವುದಲ್ಲದೆ, ಊರಿನವರು ವರ್ಷಗಟ್ಟಲೆ ಆ ಪದ್ಧತಿಯ ಹೆಸರೆತ್ತುವುದಿಲ್ಲ.

ಗುಳಿ ರಾಗಿಯನ್ನೇ ತೆಗೆದುಕೊಳ್ಳೋಣ. ಹಾವೇರಿ ಜಿಲ್ಲೆಯ ರೈತರೇ ರೂಢಿಸಿಕೊಂಡು ಬಂದ ಪದ್ಧತಿ ಇದು. ಹೊಲದಲ್ಲಿ ಉದ್ದಕ್ಕೂ ಅಡ್ಡಕ್ಕೂ ಒಂದೂವರೆ ಅಡಿಗೊಂದು ಗೆರೆ ಎಳೆದು, ಗೆರೆ ಕೂಡುವಲ್ಲಿ ಗುಳಿ ಮಾಡಿ, ಬೊಗಸೆ ಗೊಬ್ಬರ ಹಾಕಿ, 20–25 ದಿನದ ಎರಡು ಪೈರು ನೆಡುತ್ತಾರೆ. ಚೆಲ್ಲಿ ಅಥವಾ ಕೂರಿಗೆಯಲ್ಲಿ ಬಿತ್ತಿದಾಗ ಎಕರೆಗೆ ಐದಾರು ಕ್ವಿಂಟಲ್ ಬರುವ ಕಡೆ, ಈ ಪದ್ಧತಿಯಲ್ಲಿ 18–20 ಕ್ವಿಂಟಲ್ ತೆಗೆದವರಿದ್ದಾರೆ. ಮೊದಲ ವರ್ಷ ಆ ಸಂಖ್ಯೆಯನ್ನು ಯಾರ ಮುಂದೆಯೂ ಹೇಳಬೇಡಿ. ಹತ್ತು ಕ್ವಿಂಟಲ್‌ನ ಲೆಕ್ಕಕ್ಕೆ ಬಂದರೂ ನೀವು ಗೆದ್ದ ಹಾಗೆ. ಇಪ್ಪತ್ತು ಎಂದು ಸಾರಿಬಿಟ್ಟಿದ್ದರೆ ಅದೇ ಹತ್ತು ಸೋಲಾಗಿ ಕಾಣುತ್ತದೆ.

ಐದು ಗುಂಟೆ ಅಂದರೆ 5,445 ಚದರ ಅಡಿ. ಗುಳಿಗಳು ಸುಮಾರು 2,420. ಗುಳಿಗೆ ಎರಡರಂತೆ 4,840 ಪೈರು ಬೇಕು. ಅಷ್ಟಕ್ಕೆ ಹದಿನೈದು ಗ್ರಾಂ ಬೀಜವೂ ಸಾಲುತ್ತದೆ, ಆದರೆ ಮೊಳೆಯದ್ದು, ಸಾಯುವುದು, ಸೊರಗಿದ್ದು ಎಲ್ಲ ಕಳೆಯಬೇಕಲ್ಲ. 50 ಗ್ರಾಂ ತೆಗೆದುಕೊಂಡು ಎರಡು ಭಾಗ ಮಾಡಿ, ಎಂಟು-ಹತ್ತು ದಿನದ ಅಂತರದಲ್ಲಿ ಎರಡು ಸಸಿಮಡಿ ಹಾಕಿ. ಈ ಪದ್ಧತಿ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಮಡಿಯಲ್ಲಿ ಪೈರು ಬೆಳೆದು ನಿಂತಿದೆ, ಮಳೆ ಹಿಂದೆಗೆದಿದೆ. ಹದ ಬರುವ ಹೊತ್ತಿಗೆ ಪೈರಿಗೆ 35–40 ದಿನ. ಅಷ್ಟು ಬಲಿತ ಪೈರು ನೆಟ್ಟರೆ ತೆಂಡೆ (ಬುಡದಿಂದ ಏಳುವ ಮರಿಕವಲು) ಒಡೆಯುವ ಕಾಲ ಮಡಿಯಲ್ಲೇ ಮುಗಿದಿರುತ್ತದೆ. ಎರಡನೆಯ ಮಡಿ ಇದ್ದರೆ ಎಳೆಯದು ಕೈಯಲ್ಲಿರುತ್ತದೆ. ಗೊಬ್ಬರ ಗುಳಿಗೆ 200 ಗ್ರಾಂ ಅಂದರೂ ಸುಮಾರು 480 ಕೆಜಿ. ಚೆನ್ನಾಗಿ ಕಳಿತದ್ದೇ ಆಗಬೇಕು. ಹಸಿ ಗೊಬ್ಬರ ಬೇರಿಗೆ ಬಿಸಿ ತಾಗಿಸುತ್ತದೆ, ಗೆದ್ದಲನ್ನೂ ಕರೆಯುತ್ತದೆ. ಹುಸಿಹೋದ ಗುಳಿಗಳನ್ನು ವಾರದೊಳಗೆ ತುಂಬಿಸಿ.

ಮಳೆ ಬಾರದೇ ಹೋದರೆ ಯಾವಾಗ ಕೈಬಿಡಬೇಕು ಎಂಬುದನ್ನು ಬಿತ್ತನೆಗೆ ಮುಂಚೆಯೇ ಮನೆಯವರ ಜತೆ ಕೂತು ತೀರ್ಮಾನಿಸಿ. ಆಗಸ್ಟ್ ಮುಗಿಯುವುದರೊಳಗೆ ನಾಟಿ ಆಗದಿದ್ದರೆ ಆ ಐದು ಗುಂಟೆಗೆ ಹುರುಳಿ, ಎಂದು ಮೊದಲೇ ಮಾತಾಗಿದ್ದರೆ ಆಮೇಲೆ ಅಪ್ಪ-ಮಗನ ಜಗಳ ತಪ್ಪುತ್ತದೆ.

ನಾಟಿಯಾದ ಮೊದಲ ಒಂದು ತಿಂಗಳೇ ನಿಜಕ್ಕೂ ಕಷ್ಟದ್ದು. ಪಕ್ಕದ ಹೊಲವೆಲ್ಲ ಹಸಿರು ಹೊದ್ದಿರುತ್ತದೆ. ನಿಮ್ಮದರಲ್ಲಿ ಒಂದೂವರೆ ಅಡಿಗೊಂದು ಕಡ್ಡಿ. ‘ಏನಪ್ಪಾ, ಬೀಜಕ್ಕೆ ದುಡ್ಡಿರಲಿಲ್ವಾ?’ ಎಂದು ದಾರಿಹೋಕರೆಲ್ಲ ಕೇಳುತ್ತಾರೆ. ಈ ಮಾತಿಗೆ ಹೆದರಿ ನಡುನಡುವೆ ಇನ್ನಷ್ಟು ಪೈರು ತುರುಕುವವರುಂಟು. ಹಾಗೆ ಮಾಡಿದರೆ ಸಾಲಿನ ನಡುವೆ ಕಳೆ ತೆಗೆಯುವ ಎಡೆಕುಂಟೆ ಹೊಡೆಯಲು ಜಾಗವಿಲ್ಲ, ಪದ್ಧತಿಯೇ ಕೆಟ್ಟಂತೆ. ಖಾಲಿ ಜಾಗದಲ್ಲಿ ಕಳೆಯೂ ಧಾರಾಳವಾಗಿ ಏಳುತ್ತದೆ, ಆದ್ದರಿಂದ ಎಡೆಕುಂಟೆಯನ್ನು ಎರಡೂ ದಿಕ್ಕಿಗೆ ತಪ್ಪದೆ ಹೊಡೆಯಬೇಕು. ನಾಟಿಯಾದ 15ರಿಂದ 45 ದಿನದೊಳಗೆ ಪೈರಿನ ಮೇಲೆ ಹಗುರವಾದ ಕೊರಡು (ಮರದ ತುಂಡು) ಎಳೆಯುವುದೂ ಇದೆ. ಪೈರು ಮುರಿಯದೆ ಬಾಗಬೇಕು. ಬಾಗಿದ ಬುಡದಿಂದ ಹೊಸ ತೆಂಡೆ, ಹೊಸ ಬೇರು ಹೊರಡುತ್ತವೆ. ನೋಡುವವರಿಗೆ ಹುಚ್ಚಾಟದ ಹಾಗೆ ಕಾಣುವ ಕೆಲಸ. ತಡಮಾಡಿ, ದಂಟು ಬಲಿತ ಮೇಲೆ ಎಳೆದರೆ ಮುರಿದು ನಿಜಕ್ಕೂ ಹುಚ್ಚಾಟವೇ ಆಗುತ್ತದೆ.

ಜಾಗದ ಆಯ್ಕೆಯಲ್ಲಿ ಒಂದು ಆಸೆಯನ್ನು ಗೆಲ್ಲಬೇಕು. ಬಾವಿ ಪಕ್ಕದ ಫಲವತ್ತಾದ ತುಂಡನ್ನು ಆರಿಸಿಕೊಂಡರೆ ಬೆಳೆ ಚೆನ್ನಾಗಿಯೇ ಬರುತ್ತದೆ, ನಂಬುವವರು ಯಾರೂ ಇರುವುದಿಲ್ಲ. ಹೊಲದ ಸರಾಸರಿ ಮಣ್ಣಿರುವ, ದಾರಿಯಿಂದ ಕಾಣುವ ತುಂಡೇ ಸರಿ. ಪಕ್ಕದಲ್ಲೇ ಹಳೆಯ ಪದ್ಧತಿಯ ಐದು ಗುಂಟೆ ಗುರುತಿಸಿಕೊಳ್ಳಿ. ತಳಿ ಎರಡಕ್ಕೂ ಒಂದೇ ಇರಲಿ: ಒಂದರಲ್ಲಿ ಜಿಪಿಯು-28 ಹಾಕಿದರೆ ಇನ್ನೊಂದರಲ್ಲೂ ಅದೇ. ತಳಿಯನ್ನೂ ಪದ್ಧತಿಯನ್ನೂ ಒಟ್ಟಿಗೆ ಬದಲಿಸಿದರೆ ಹೆಚ್ಚಳ ಯಾವುದರಿಂದ ಬಂತೆಂದು ನಿಮಗೇ ತಿಳಿಯುವುದಿಲ್ಲ. ಬೀಜ-ಗೊಬ್ಬರ ಪುಕ್ಕಟೆ ಸಿಕ್ಕಿದ್ದರೆ ಅದನ್ನೂ ಮುಚ್ಚಿಡಬೇಡಿ. ‘ಅವರಿಗೇನು, ಇಲಾಖೆಯವರು ಕೊಟ್ಟರು’ ಎಂಬ ಒಂದು ಮಾತು ಇಡೀ ಪ್ರಾತ್ಯಕ್ಷಿಕೆಯನ್ನು ಮುಗಿಸಬಲ್ಲದು.

ರೈತನ ಸ್ವಂತ ಹೊಲದಲ್ಲೇ ಮಾಡಿ ತೋರಿಸಬೇಕು ಎಂಬುದು ಹಳೆಯ ಪಾಠ. 1903ರಲ್ಲಿ ಅಮೆರಿಕದ ಟೆಕ್ಸಾಸ್‌ನ ಟೆರೆಲ್ ಊರಿನಲ್ಲಿ ಅಲ್ಲಿನ ಕೃಷಿ ಇಲಾಖೆಯ ಸೀಮನ್ ನ್ಯಾಪ್ ಅವರು ಸರ್ಕಾರಿ ಫಾರಂ ಬಿಟ್ಟು ವಾಲ್ಟರ್ ಪೋರ್ಟರ್ ಎಂಬ ರೈತನ ಸ್ವಂತ ಜಮೀನಿನ 70 ಎಕರೆಯಲ್ಲೇ ಹೊಸ ಬೇಸಾಯ ಮಾಡಿಸಿದರು. ನಷ್ಟವಾದರೆ ತುಂಬಿಕೊಡಲು ಊರಿನ ವ್ಯಾಪಾರಿಗಳು ಮೊದಲೇ ಹಣ ಕೂಡಿಟ್ಟಿದ್ದರು. ಪೋರ್ಟರ್‌ಗೆ ಹಳೆಯ ರೀತಿಗಿಂತ 700 ಡಾಲರ್ ಹೆಚ್ಚು ಲಾಭ ಬಂತು, ಆ ಹಣ ಮುಟ್ಟಬೇಕಾಗಲಿಲ್ಲ. ಅಯೋವಾದ 259 ರೈತರು ಹೈಬ್ರಿಡ್ ಮೆಕ್ಕೆಜೋಳಕ್ಕೆ ಹೇಗೆ ಬದಲಾದರೆಂದು ರಯಾನ್ ಮತ್ತು ಗ್ರಾಸ್ 1943ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಾಣುತ್ತದೆ: ಸುದ್ದಿ ತಂದವರು ಬೀಜ ಮಾರುವವರು, ನಂಬಿಕೆ ಹುಟ್ಟಿಸಿದವರು ನೆರೆಯವರು, ಶುರುವಾದದ್ದು ಚಿಕ್ಕ ತುಂಡಿನಿಂದ. ನಮ್ಮಲ್ಲಿ ಕೃಷಿ ವಿಜ್ಞಾನ ಕೇಂದ್ರಗಳು ರೈತರ ಹೊಲದಲ್ಲೇ ನಡೆಸುವ ಮುಂಚೂಣಿ ಪ್ರಾತ್ಯಕ್ಷಿಕೆಗಳಿಗೂ ಇದೇ ತಳಹದಿ. ಕೊರತೆಯೆಂದರೆ, ಕ್ಷೇತ್ರೋತ್ಸವವನ್ನು ಬೆಳೆ ತೆನೆ ತೂಗುವಾಗ ಇಟ್ಟು ಶಾಮಿಯಾನ ಹಾಕುತ್ತಾರೆ. ಕಡ್ಡಿಯಷ್ಟೇ ಕಾಣುವ ಮೂವತ್ತನೆಯ ದಿನ ಒಮ್ಮೆ, ತೂಕದ ದಿನ ಒಮ್ಮೆ ಕರೆಯುವುದು ಹೆಚ್ಚು ಉಪಯೋಗದ್ದು.

ತೂಕದಲ್ಲಿ ಕಣ್ಣಂದಾಜು ಬೇಡ. ಬದುವಿನ ಪಕ್ಕದ ಎರಡು ಸಾಲು ಬಿಟ್ಟು (ಅವಕ್ಕೆ ಬೆಳಕು ಹೆಚ್ಚು, ತೆನೆಯೂ ದಪ್ಪ) ಒಳಗೆ ಐದು ಮೀಟರ್ ಚೌಕ ಹಗ್ಗ ಹಿಡಿಯಿರಿ. ಎರಡೂ ತುಂಡಿನಲ್ಲಿ ಅಷ್ಟನ್ನೇ ಕೊಯ್ದು, ಬಡಿದು, ಒಣಗಿಸಿ ತೂಗಿ. ಚೌಕದಲ್ಲಿ ಬಂದ ಪ್ರತಿ ಕೆಜಿಗೂ ಎಕರೆಗೆ 1.62 ಕ್ವಿಂಟಲ್. ನಾಲ್ಕು ಕೆಜಿ ಬಂದರೆ ಸುಮಾರು ಆರೂವರೆ ಕ್ವಿಂಟಲ್, ಏಳು ಬಂದರೆ ಹನ್ನೊಂದಕ್ಕೂ ಮೇಲೆ. ಚೌಕ ಎಲ್ಲಿ ಹಾಕಬೇಕೆಂದು ನಿಮ್ಮನ್ನು ಗೇಲಿ ಮಾಡಿದವರೇ ತೋರಿಸಲಿ, ತಕ್ಕಡಿಯನ್ನೂ ಅವರೇ ಹಿಡಿಯಲಿ. ಹುಲ್ಲನ್ನೂ ತೂಗಿ, ದನವಿರುವ ಮನೆಗೆ ಹುಲ್ಲು ಸೇರದ ಲೆಕ್ಕ ಅರ್ಧ ಲೆಕ್ಕ. ಗುಳಿ ಮಾಡಿ ನೆಡುವುದಕ್ಕೆ ತಗುಲಿದ ಆಳಿನ ಕೂಲಿ, ಮುಯ್ಯಾಳು (ಕೂಲಿಯಿಲ್ಲದೆ ಕೆಲಸಕ್ಕೆ ಬದಲು ಕೆಲಸ ಮಾಡುವವರು) ಬಂದಿದ್ದರೆ ಅವರ ಕೂಲಿಯೂ ಸೇರಿ, ಬರೆದಿಟ್ಟು ತೋರಿಸಿ. ಇಳುವರಿ ಹೆಚ್ಚಿ ಕೂಲಿಯೂ ಹೆಚ್ಚಿದ್ದರೆ ಅದನ್ನು ಮೊದಲು ಹೇಳುವವರು ನೀವೇ ಆಗಿರಬೇಕು.

ಮರುವರ್ಷ ಪಕ್ಕದವರು ಬಂದು ‘ನಮ್ಮದು ಒಂದೆಕರೆ ಪೂರ್ತಿ ಮಾಡಿಬಿಡ್ತೀವಿ’ ಅಂದರೆ ತಡೆಯಿರಿ. ನಿಮ್ಮದಾಗಿದ್ದು ಒಂದು ಮಳೆಗಾಲ ಮಾತ್ರ. ಒಳ್ಳೆಯ ಮಳೆ ಬಿದ್ದ ವರ್ಷ ಯಾವ ಪದ್ಧತಿಯೂ ಚೆನ್ನಾಗಿಯೇ ಕಾಣುತ್ತದೆ. ನಿಮ್ಮದನ್ನು ಇಪ್ಪತ್ತು ಗುಂಟೆಗೆ ಏರಿಸಿ, ಅವರನ್ನು ಐದಕ್ಕೇ ನಿಲ್ಲಿಸಿ. ಎರಡನೆಯ ಮಡಿಯಲ್ಲಿ ಮಿಕ್ಕ ಪೈರನ್ನು ಕಿತ್ತ ದಿನವೇ ಅವರ ಹೊಲಕ್ಕೆ ತಲುಪಿಸಿ, ಕೊರಡು ಎಳೆಯುವ ಮೊದಲ ಸಲ ಜತೆಗೆ ಹೋಗಿ ನಿಲ್ಲಿ.