ಕಟ್ಟುವ ದುಡ್ಡು, ನಡೆಸುವ ದುಡ್ಡು: ಸಂಶೋಧನೆ, ಸಾಂಕ್ರಾಮಿಕ ಸಿದ್ಧತೆ, ಅಣೆಕಟ್ಟೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನ್ ತುಂಡಾಗಿ, ಗೇಟು ನೀರಿನಲ್ಲಿ ಕೊಚ್ಚಿಹೋಯಿತು. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯವರಿಗೆ ಆ ವಾರ ಮರೆಯುವಂಥದ್ದಲ್ಲ. ಜಲಾಶಯ ತುಂಬಿತ್ತು, ಭತ್ತದ ನಾಟಿ ನಡೆದಿತ್ತು. ಒಂದೇ ಗೇಟಿನ ಮೇಲೆ ಒತ್ತಡ ಬೀಳದಿರಲಿ ಅಂತ ಉಳಿದ ಗೇಟುಗಳನ್ನೂ ಎತ್ತಿ ನೀರು ಬಿಡಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ಗೇಟಿನ ಜಾಗದಲ್ಲಿ ತಾತ್ಕಾಲಿಕವಾಗಿ ನೀರು ತಡೆಯುವ ಉಕ್ಕಿನ ತಡೆ) ತುಂಡುಗಳನ್ನು ಇಳಿಸಿ, ಒಂದು ವಾರದೊಳಗೆ ನೀರು ನಿಲ್ಲಿಸಿತು. ಆ ತಂಡಕ್ಕೆ ಈ ಭಾಗ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆಯೇ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆ ಇದರಲ್ಲಿ ಬೇರೊಂದು ಪಾಠವಿದೆ. ವಿಜ್ಞಾನ ಸಂಶೋಧನೆ, ಸಾಂಕ್ರಾಮಿಕ ಸಿದ್ಧತೆ, ಮೂಲಸೌಕರ್ಯ ಇವು ಪಠ್ಯಕ್ರಮದಲ್ಲಿ ಮೂರು ಕಡೆ ಬರುತ್ತವೆ. ಬಜೆಟ್ಟಿನಲ್ಲಿ ಮೂರರ ಕಷ್ಟವೂ ಒಂದೇ. ಹೊಸದಾಗಿ ಕಟ್ಟಲು ದುಡ್ಡು ಬರುತ್ತದೆ, ಕಟ್ಟಿದ್ದನ್ನು ವರ್ಷವರ್ಷ ನಡೆಸಲು ಬರುವುದಿಲ್ಲ.

ಮೊದಲು ಎರಡು ಪದ ಗಟ್ಟಿ ಮಾಡಿಕೊಳ್ಳಿ. ಆಸ್ತಿ ಸೃಷ್ಟಿಸುವ ಖರ್ಚು ಬಂಡವಾಳ ವೆಚ್ಚ: ಕಟ್ಟಡ, ಸೇತುವೆ, ಯಂತ್ರ. ಸಂಬಳ, ಔಷಧಿ, ರಿಪೇರಿ, ಕರೆಂಟ್ ಬಿಲ್ ಎಲ್ಲ ರಾಜಸ್ವ ವೆಚ್ಚ. ಬಂಡವಾಳ ವೆಚ್ಚ ಒಳ್ಳೆಯದು, ರಾಜಸ್ವ ವೆಚ್ಚ ದಂಡ ಅಂತ ಬಹಳ ಗೈಡುಗಳಲ್ಲಿ ಬರೆದಿರುತ್ತದೆ. ಇದನ್ನು ಹಾಗೇ ನಂಬಬೇಡಿ. ನರ್ಸಿನ ಸಂಬಳವೂ ರಾಜಸ್ವ ವೆಚ್ಚವೇ, ಗೇಟಿನ ಚೈನಿಗೆ ಗ್ರೀಸ್ ಹಚ್ಚುವ ಖರ್ಚೂ ರಾಜಸ್ವ ವೆಚ್ಚವೇ.

ಈಗ ಅಣೆಕಟ್ಟೆಗೇ ಬರೋಣ. ಅದರ ಉಸ್ತುವಾರಿ ತುಂಗಭದ್ರಾ ಮಂಡಳಿಯದು. ಕರ್ನಾಟಕ, ಆಂಧ್ರ, ತೆಲಂಗಾಣ ಮೂರೂ ರಾಜ್ಯಗಳು ಅದಕ್ಕೆ ಖರ್ಚು ಹಂಚಿಕೊಳ್ಳುತ್ತವೆ. ಸಂವಿಧಾನದಲ್ಲಿ ನೀರು ರಾಜ್ಯಪಟ್ಟಿಯ 17ನೇ ನಮೂದು, ಅಂತರರಾಜ್ಯ ನದಿ ಕೇಂದ್ರಪಟ್ಟಿಯ 56ನೇ ನಮೂದು. ಆಣೆಕಟ್ಟು ಸುರಕ್ಷತೆಗೆ 2021ರ ಕಾಯ್ದೆಯಿದೆ. ಜಲಾಶಯದ ಸಾಮರ್ಥ್ಯ ಮೊದಲು ಸುಮಾರು 133 ಟಿಎಂಸಿ ಇತ್ತು. ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಗೇಟುಗಳ ಸ್ಥಿತಿ ನೋಡಿ 2025ರಲ್ಲಿ 80 ಟಿಎಂಸಿಗಿಂತ ಜಾಸ್ತಿ ನಿಲ್ಲಿಸುವುದು ಬೇಡ ಅಂತ ತೀರ್ಮಾನವಾಯಿತು. ಇರುವ ಅಣೆಕಟ್ಟೆಯಲ್ಲೇ 25 ಟಿಎಂಸಿ ಬಳಸಲು ಆಗದೆ ಹೋಯಿತು ಅಂದ್ರೆ, ನಿರ್ವಹಣೆ ತಡವಾದರೆ ರೈತರಿಗೆ ಎಷ್ಟು ನಷ್ಟ ಅಂತ ನೀವೇ ಲೆಕ್ಕ ಹಾಕಿ.

ಪ್ರಯೋಗಾಲಯದ ಒಳಗೆ

2020ರ ಜನವರಿಯಲ್ಲಿ ಕೋವಿಡ್ ಪತ್ತೆಹಚ್ಚಲು ದೇಶದಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯೊಂದೇ ಇತ್ತು. ಆಮೇಲೆ ಪರೀಕ್ಷೆ ಬೇಗ ಹರಡಲು ಒಂದು ಕಾರಣ ಇದೆ. ವೈರಾಣು ಸಂಶೋಧನೆ ಮತ್ತು ಪತ್ತೆ ಪ್ರಯೋಗಾಲಯಗಳ ಜಾಲವನ್ನು ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆ 2013ರ ಹೊತ್ತಿಗೇ ಶುರು ಮಾಡಿತ್ತು. ಬಳ್ಳಾರಿಯ ವಿಮ್ಸ್ ವೈದ್ಯಕೀಯ ಕಾಲೇಜಿನ ಪ್ರಯೋಗಾಲಯವೂ ಆ ಜಾಲದ್ದೇ. ಯಾವ ದೊಡ್ಡ ರೋಗವೂ ಇಲ್ಲದ ವರ್ಷಗಳಲ್ಲಿ ಹಾಕಿದ ದುಡ್ಡು ಅದು.

ಅಂಥ ಪ್ರಯೋಗಾಲಯ ನಡೆಯಲು ಏನೇನು ಬೇಕು? ಆರ್‌ಟಿ-ಪಿಸಿಆರ್ ಯಂತ್ರ ಒಂದು ಸಲ ಕೊಂಡರೆ ಆಯಿತು. ಕಿಟ್ ಮಾತ್ರ ಖಾಲಿಯಾಗುತ್ತಲೇ ಇರುತ್ತದೆ, ಅದಕ್ಕೆ ಅವಧಿಯೂ ಇರುತ್ತದೆ. ಮಾದರಿಗಳನ್ನು ಮೈನಸ್ 80 ಡಿಗ್ರಿ ಫ್ರೀಜರಿನಲ್ಲಿ ಇಡಬೇಕು. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಹೋದರೆ ಜನರೇಟರ್ ತಕ್ಷಣ ಹತ್ತಬೇಕು, ಡೀಸೆಲ್ ಇರಬೇಕು. ಸುರಕ್ಷತಾ ಕ್ಯಾಬಿನೆಟ್ಟಿನ ಫಿಲ್ಟರ್ ಸರಿಯಿದೆಯಾ ಅಂತ ಕಾಲಕಾಲಕ್ಕೆ ಪರೀಕ್ಷೆ ಮಾಡಿಸಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಕೈ ಪಳಗಿದ ಟೆಕ್ನಿಷಿಯನ್ ಬೇಕು. ಅವರನ್ನು ಯೋಜನೆಯ ಅವಧಿಗೆ ಗುತ್ತಿಗೆ ಮೇಲೆ ತೆಗೆದುಕೊಂಡರೆ, ಯೋಜನೆ ಮುಗಿದ ದಿನ ಅವರೂ ಹೋಗುತ್ತಾರೆ. ಯಂತ್ರ ಉಳಿಯುತ್ತದೆ, ಕೈಚಳಕ ಉಳಿಯುವುದಿಲ್ಲ. ಉತ್ತರದಲ್ಲಿ 'ಸಾಂಕ್ರಾಮಿಕ ಸಿದ್ಧತೆ' ಅಂತ ಬರೆಯುವಾಗ ಈ ಪಟ್ಟಿ ತಲೆಯಲ್ಲಿರಲಿ.

ಪಿಎಂ-ಅಭೀಮ್ (ಪ್ರಧಾನಮಂತ್ರಿ ಆಯುಷ್ಮಾನ್ ಭಾರತ್ ಆರೋಗ್ಯ ಮೂಲಸೌಕರ್ಯ ಮಿಷನ್) ಯೋಜನೆಯನ್ನು ಈ ಕಣ್ಣಿನಿಂದಲೇ ಓದಿ. 2021ರ ಅಕ್ಟೋಬರ್ 25ರಂದು ಶುರುವಾಯಿತು, ಮೊತ್ತ 64,180 ಕೋಟಿ ರೂಪಾಯಿ, ಅವಧಿ 2025-26ರವರೆಗೆ. ಜಿಲ್ಲಾ ಸಮಗ್ರ ಪ್ರಯೋಗಾಲಯ, ತೀವ್ರ ನಿಗಾ ಚಿಕಿತ್ಸಾ ಬ್ಲಾಕ್ ಅದರಲ್ಲಿವೆ. ಅವಧಿ ಮುಗಿದ ಮೇಲೆ ನಡೆಸುವವರು ಯಾರು? ಸಾರ್ವಜನಿಕ ಆರೋಗ್ಯ ರಾಜ್ಯಪಟ್ಟಿಯ 6ನೇ ನಮೂದು, ಅಂದ್ರೆ ಹೊರೆ ಕೊನೆಗೆ ರಾಜ್ಯದ ಮೇಲೆಯೇ ಬೀಳುತ್ತದೆ. ರಾಜ್ಯದಿಂದ ರಾಜ್ಯಕ್ಕೆ ರೋಗ ಹರಡದಂತೆ ತಡೆಯುವುದು ಸಮವರ್ತಿ ಪಟ್ಟಿಯ 29ನೇ ನಮೂದು. ಇವೆರಡನ್ನು ಅದಲು ಬದಲು ಮಾಡಿ ಪ್ರಶ್ನೆ ಕೇಳಬಹುದು, ಹುಷಾರು.

2022ರ ಮೇ 13ರಂದು ರಾಯಚೂರಿನಲ್ಲಿ ಏಮ್ಸ್ ಬೇಕೆಂದು ಧರಣಿ ಶುರುವಾದದ್ದಕ್ಕೂ ಇದಕ್ಕೂ ನಂಟಿದೆ ಅಂತ ನನಗನಿಸುತ್ತದೆ. ಏಮ್ಸ್ ಬಂದರೆ ಕಟ್ಟಡದ ಜೊತೆಗೆ ಸಂಬಳ, ಸಂಶೋಧನೆ, ದಿನದ ಖರ್ಚು ಎಲ್ಲವೂ ಕೇಂದ್ರದ ಬಜೆಟ್ಟಿನಿಂದ ವರ್ಷವರ್ಷ ಬರುತ್ತದೆ.

ಸಂಶೋಧನೆಯ ಅಂಕಿಗಳು

2020-21ರಲ್ಲಿ ಭಾರತ ಸಂಶೋಧನೆಗೆ ಖರ್ಚು ಮಾಡಿದ್ದು ಜಿಡಿಪಿಯ ಶೇ. 0.64. ಚೀನಾದಲ್ಲಿ ಇದು ಶೇ. 2ಕ್ಕಿಂತ ಮೇಲೆ, ದಕ್ಷಿಣ ಕೊರಿಯಾದಲ್ಲಿ ಶೇ. 4ಕ್ಕಿಂತ ಮೇಲೆ. ಕೊರಿಯಾದಲ್ಲಿ ಹೆಚ್ಚಿನ ಪಾಲು ಕಂಪನಿಗಳದ್ದು, ನಮ್ಮಲ್ಲಿ ಹೆಚ್ಚಿನ ಪಾಲು ಸರ್ಕಾರದ್ದು. 2023ರ ಕಾಯ್ದೆಯಿಂದ ಬಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ 5 ವರ್ಷಕ್ಕೆ 50,000 ಕೋಟಿ ಅಂತ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಅದರಲ್ಲಿ ಸರ್ಕಾರದ ದುಡ್ಡು 14,000 ಕೋಟಿ ಮಾತ್ರ. ಉಳಿದ 36,000 ಕೋಟಿ ಉದ್ಯಮ, ದಾನಿ ಮುಂತಾದ ಕಡೆಯಿಂದ ಬರಬೇಕು. ಇದನ್ನು ಬರೆದರೆ ನಿಮ್ಮ ಉತ್ತರ ಬೇರೆಯವರದ್ದಕ್ಕಿಂತ ಎದ್ದು ಕಾಣುತ್ತದೆ.

ಉದಾಹರಣೆಗೆ ದೂರ ಹೋಗಬೇಕಿಲ್ಲ. ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು-ಜವಳು ಭೂಮಿಯ ಅಖಿಲ ಭಾರತ ಯೋಜನೆ ನಡೆಯುತ್ತಿದೆ. ಕಾಲುವೆ ನೀರು ಜಾಸ್ತಿಯಾಗಿ ಹೊಲದಲ್ಲಿ ಉಪ್ಪು ಮೇಲೆ ಬಂದು ಬೆಳ್ಳಗಾಗುತ್ತದಲ್ವಾ, ಅದರ ಮೇಲೆ ಕೆಲಸ ಮಾಡುವ ಕೇಂದ್ರ ಇದು. ಗಂಗಾವತಿ ಸೋನಾ ಭತ್ತ ಬಂದದ್ದೂ ಇಲ್ಲಿಂದಲೇ. ಒಂದು ತಳಿ ಹೊರಬರಲು ಹತ್ತು ವರ್ಷವಾದರೂ ಬೇಕು. ನಡುವೆ ಒಂದು ಹಂಗಾಮಿಗೆ ಅನುದಾನ ನಿಂತರೆ ಬೀಜದ ಸಾಲೇ ತಪ್ಪಿಹೋಗುತ್ತದೆ. ಇಂಥ ಅಖಿಲ ಭಾರತ ಯೋಜನೆಗಳಲ್ಲಿ ಕೇಂದ್ರ 75, ರಾಜ್ಯ 25 ಪಾಲು ಹಾಕುವುದು ರೂಢಿ.

ನಮ್ಮ ಭಾಗಕ್ಕೆ ದುಡ್ಡು ತರುವ ಎರಡು ದಾರಿ ಬಿಡಬೇಡಿ. ಒಂದು, ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸೌಲಭ್ಯ ಕೊಡುವ 371(ಜೆ) ವಿಧಿ ಮತ್ತು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ಮಂಡಳಿಯ ಕೆಲಸದ ವರದಿ ಪ್ರತಿವರ್ಷ ವಿಧಾನಸಭೆಗೆ ಬರಬೇಕು. ಇನ್ನೊಂದು, ಜಿಲ್ಲಾ ಖನಿಜ ಪ್ರತಿಷ್ಠಾನ (ಗಣಿ ನಡೆಸುವವರು ಕಟ್ಟುವ ಹಣದ ನಿಧಿ), 2015ರಿಂದ. ಗಣಿಗಳಿರುವ ಬಳ್ಳಾರಿಗೆ ಇದು ದೊಡ್ಡ ಮೊತ್ತ. 2024ರ ಮಾರ್ಗಸೂಚಿ ಪ್ರಕಾರ ಕನಿಷ್ಠ ಶೇ. 70ರಷ್ಟು ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂಥ ಆದ್ಯತೆಗಳಿಗೆ ಹೋಗಬೇಕು.

ಅಭ್ಯಾಸಕ್ಕೆ ರಾಜ್ಯ ಬಜೆಟ್ ಪುಸ್ತಕ ತೆರೆಯಿರಿ. ಲೆಕ್ಕ ಶೀರ್ಷಿಕೆ 2 ಅಥವಾ 3ರಿಂದ ಶುರುವಾದರೆ ರಾಜಸ್ವ, 4 ಅಥವಾ 5ರಿಂದ ಶುರುವಾದರೆ ಬಂಡವಾಳ. ಆರೋಗ್ಯಕ್ಕೆ 2210 ಮತ್ತು 4210, ಭಾರಿ ನೀರಾವರಿಗೆ 2700 ಮತ್ತು 4700, ಕೃಷಿ ಸಂಶೋಧನೆಗೆ 2415. ಪ್ರತಿಯೊಂದಕ್ಕೂ ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ನಿಜವಾದ ಖರ್ಚು ಮೂರನ್ನೂ ಪಕ್ಕಪಕ್ಕದಲ್ಲಿ ಬರೆದುಕೊಳ್ಳಿ. ಸುದ್ದಿಯಲ್ಲಿ ಬರುವುದು ಮೊದಲನೆಯದು. ಅಂಕ ತರುವುದು ಮೂರನೆಯದು.