ಐದನೇ ತಿಂಗಳಲ್ಲಿ ಜರ್ಮನಿಗೆ ಹೋಗಬಹುದಾ? ವೀಸಾಕ್ಕೆ ಮಾಡಿಸಿದ ಇನ್ಶೂರೆನ್ಸ್ ಸಾಕಾ?

ಪ್ರಶ್ನೆ: ಮೇಡಂ, ನಮ್ಮದು ಚಿಕ್ಕಮಗಳೂರು. ನನಗೀಗ ಐದು ತಿಂಗಳು, ಚೊಚ್ಚಲ ಬಸುರು. ನಮ್ಮವರು ಜರ್ಮನಿಯಲ್ಲಿ ಕೆಲಸದಲ್ಲಿದ್ದಾರೆ. ನನಗೆ ವಿಸಿಟ್ ವೀಸಾ ಬಂದಿದೆ. ಇನ್ನೆರಡು ವಾರಕ್ಕೆ ಹೊರಟು, ಎರಡು ತಿಂಗಳು ಇದ್ದು, ಸೀಮಂತಕ್ಕೆ ವಾಪಸ್ ಬರೋಣ ಅಂತಿದ್ದೇನೆ. ವೀಸಾಕ್ಕೆಂದು ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿದ್ದೇನೆ. ಅಲ್ಲಿ ಏನಾದರೂ ಆದರೆ ಅಷ್ಟು ಸಾಕಾಗುತ್ತಾ? ಅತ್ತೆಯವರು ಹೋಗೋದೇ ಬೇಡ ಅಂತಾರೆ.

ಉತ್ತರ: ನಿಮ್ಮ ಡಾಕ್ಟರ್ ಒಪ್ಪಿದರೆ ಹೋಗಿಬನ್ನಿ. ಆದರೆ ಎರಡು ತಿಂಗಳು ಬೇಡ, ಒಂದೇ ತಿಂಗಳು ಸಾಕು ಅಂತ ನನ್ನ ಅಭಿಪ್ರಾಯ. ಇನ್ನು ಇನ್ಶೂರೆನ್ಸ್. ಈಗ ನಿಮ್ಮ ಕೈಯಲ್ಲಿರುವ ಪಾಲಿಸಿ ಬಸುರಿಗೆ ಸಂಬಂಧಪಟ್ಟ ತೊಂದರೆಗೆ ಬಹುಶಃ ಒಂದು ರೂಪಾಯಿಯನ್ನೂ ಕೊಡುವುದಿಲ್ಲ.

ಮೊದಲು ಲೆಕ್ಕ ಸರಿಮಾಡಿಕೊಳ್ಳೋಣ. ಮನೆಯಲ್ಲಿ ನಾವು ಎಣಿಸುವುದು ತಿಂಗಳು. ವಿಮಾನದವರೂ ಇನ್ಶೂರೆನ್ಸಿನವರೂ ಎಣಿಸುವುದು ವಾರ. ತಾಯಿ ಕಾರ್ಡ್ ತೆಗೆದು ನೋಡಿ, ಕೊನೆಯ ಮುಟ್ಟಿನ ದಿನಾಂಕ ಬರೆದಿರುತ್ತಾರೆ. ಅಲ್ಲಿಂದ 40 ವಾರಕ್ಕೆ ಹೆರಿಗೆಯ ದಿನ. ಈಗ ನಿಮಗೆ 20 ವಾರ ಅಂತ ಇಟ್ಟುಕೊಂಡರೆ, ಹೊರಡುವಾಗ 22 ಆಗುತ್ತದೆ. ಎರಡು ತಿಂಗಳು ಕಳೆದು ವಾಪಸ್ ವಿಮಾನ ಹತ್ತುವ ದಿನ 31ರ ಹತ್ತಿರ ಬಂದಿರುತ್ತದೆ. ಜಾಸ್ತಿ ಜನ ಇಲ್ಲೇ ತಪ್ಪುವುದು. ಹೋಗುವ ದಿನದ ಲೆಕ್ಕ ಹಾಕುತ್ತಾರೆ, ಬರುವ ದಿನದ್ದು ಮರೆಯುತ್ತಾರೆ. ಹೆಚ್ಚಿನ ವಿಮಾನ ಕಂಪನಿಗಳು 28 ವಾರ ದಾಟಿದ ಮೇಲೆ ಡಾಕ್ಟರ ಪತ್ರ ಕೇಳುತ್ತವೆ. ಒಂದೇ ಮಗುವಾದರೆ 36 ವಾರದ ನಂತರ, ಅವಳಿಯಾದರೆ 32ರ ನಂತರ ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದಿಲ್ಲ. ಕಂಪನಿಯಿಂದ ಕಂಪನಿಗೆ ಇದು ಬೇರೆಯಾಗುತ್ತದೆ, ಟಿಕೆಟ್ ಮಾಡಿಸುವ ಮೊದಲೇ ಕೇಳಿ.

ಪ್ರಯಾಣಕ್ಕೆ 14ರಿಂದ 28ನೇ ವಾರದವರೆಗಿನ ಕಾಲ ಒಳ್ಳೆಯದು. ವಾಂತಿ, ಸುಸ್ತು ಕಡಿಮೆಯಾಗಿರುತ್ತದೆ, ಹೊಟ್ಟೆ ಇನ್ನೂ ಭಾರವಾಗಿರುವುದಿಲ್ಲ. ನೀವು 22ಕ್ಕೆ ಹೋಗಿ 27ರೊಳಗೆ ಬಂದರೆ ಪೂರ್ತಿ ಇದರೊಳಗೇ ಆಯಿತು. ಇನ್ನೊಂದು ಅನುಕೂಲವೂ ಇದೆ. ಬಸುರಿನಲ್ಲಿ ಬರುವ ಸಕ್ಕರೆ ಕಾಯಿಲೆಯ ಪರೀಕ್ಷೆಯನ್ನು 24ರಿಂದ 28 ವಾರದೊಳಗೆ ಮಾಡಿಸಬೇಕು. ಬಂದ ವಾರವೇ ನಿಮ್ಮ ಡಾಕ್ಟರ ಹತ್ತಿರ ಮಾಡಿಸಬಹುದು. ಏಳನೇ ತಿಂಗಳ ಸೀಮಂತವೂ ಹೊತ್ತಿಗೆ ಸರಿಯಾಗಿ ಆಗುತ್ತದೆ.

ಈಗ ವೀಸಾದ ಇನ್ಶೂರೆನ್ಸ್. ಷೆಂಗೆನ್ ವೀಸಾಕ್ಕೆ, ಅಂದರೆ ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ವಿಸಿಟ್ ವೀಸಾಕ್ಕೆ, ಕನಿಷ್ಠ 30,000 ಯೂರೋ ಪಾಲಿಸಿ ಬೇಕೇಬೇಕು. ಆ ಮೊತ್ತ ನೋಡಿ ಎಲ್ಲರಿಗೂ ಧೈರ್ಯ ಬರುತ್ತದೆ. ಆದರೆ ಪಾಲಿಸಿಯ ಹಿಂದಿನ ಪುಟಗಳಲ್ಲಿ ಎಕ್ಸ್‌ಕ್ಲೂಷನ್ಸ್ ಅಂತ ಒಂದು ಭಾಗ ಇರುತ್ತದೆ. ಯಾವುದಕ್ಕೆಲ್ಲ ದುಡ್ಡು ಕೊಡುವುದಿಲ್ಲ ಅನ್ನುವ ಪಟ್ಟಿ ಅದು. ನಮ್ಮ ದೇಶದ ಹೆಚ್ಚಿನ ಟ್ರಾವೆಲ್ ಪಾಲಿಸಿಗಳಲ್ಲಿ ಬಸುರು, ಹೆರಿಗೆ ಎರಡೂ ಅದರಲ್ಲಿರುತ್ತವೆ. ಕಾಲು ಮುರಿದರೆ ಕೊಡುತ್ತಾರೆ, ರಕ್ತಸ್ರಾವವಾದರೆ ಕೊಡುವುದಿಲ್ಲ. ಕೆಲವು ಪಾಲಿಸಿಗಳು ತಾಯಿಯ ಜೀವಕ್ಕೆ ಅಪಾಯವಾದರೆ ಮಾತ್ರ, ಅದೂ ಇಷ್ಟು ವಾರದವರೆಗೆ ಮಾತ್ರ ಅಂತ ಹೇಳುತ್ತವೆ.

ನನ್ನ ತಂಗಿಗೆ ಆಗಿದ್ದು ಇದೇ. ಆರನೇ ತಿಂಗಳಲ್ಲಿ ಗಲ್ಫಿಗೆ ಹೋಗಿದ್ದಳು. ಮೂರನೇ ದಿನ ರಕ್ತ ಕಾಣಿಸಿಕೊಂಡು ಎರಡು ರಾತ್ರಿ ಆಸ್ಪತ್ರೆಯಲ್ಲಿದ್ದಳು. ದೇವರ ದಯೆ, ತಾಯಿ ಮಗು ಇಬ್ಬರೂ ಉಳಿದರು. ಬಿಲ್ ಮಾತ್ರ ಪೂರ್ತಿ ಅವಳ ಮನೆಯವರೇ ಕಟ್ಟಿದರು. ಪಾಲಿಸಿ ಮಾರುವಾಗ ಏಜೆಂಟ್ ಹೇಳಿದ್ದು ಒಂದೇ ಮಾತು, "ಎಲ್ಲ ಕವರ್ ಆಗುತ್ತೆ ಮೇಡಂ." ಆ ಮಾತನ್ನು ಅವಳು ಬರೆಸಿಕೊಂಡಿರಲಿಲ್ಲ.

ಅದಕ್ಕೇ ಹೇಳುವುದು, ಕಂಪನಿಗೆ ಇಮೇಲ್ ಬರೆದು ಕೇಳಿ. ನನಗೆ ಇಷ್ಟು ವಾರ, ಈ ದಿನ ಹೋಗಿ ಈ ದಿನ ಬರುತ್ತೇನೆ ಅಂತ ಮುಚ್ಚುಮರೆಯಿಲ್ಲದೆ ತಿಳಿಸಿ. ಬಸುರಿನ ತುರ್ತು ಚಿಕಿತ್ಸೆಗೆ ಕೊಡುತ್ತೀರಾ, ಎಷ್ಟನೇ ವಾರದವರೆಗೆ, ಆಸ್ಪತ್ರೆಗೆ ನೀವೇ ಕಟ್ಟುತ್ತೀರಾ ಅಥವಾ ನಾವು ಕಟ್ಟಿ ಆಮೇಲೆ ಪಡೆಯಬೇಕಾ ಅಂತ ಕೇಳಿ. ಕೊನೆಗೆ, ಯಾರೂ ಕೇಳದ ಒಂದು ಪ್ರಶ್ನೆ: ದಿನ ತುಂಬುವ ಮೊದಲೇ ಮಗು ಹುಟ್ಟಿದರೆ ಮಗುವಿನ ಖರ್ಚು ಯಾರದು? ಪಾಲಿಸಿ ಇರುವುದು ನಿಮ್ಮ ಹೆಸರಿನಲ್ಲಿ. ಹುಟ್ಟಿದ ಕ್ಷಣದಿಂದ ಮಗು ಬೇರೆ ವ್ಯಕ್ತಿ. ತಿಂಗಳು ತುಂಬದ ಮಗು ವಾರಗಟ್ಟಲೆ ಐಸಿಯುನಲ್ಲಿ ಇರಬೇಕಾಗಬಹುದು. ಇಡೀ ಪ್ರವಾಸದಲ್ಲಿ ನಾನು ಹೆದರುವುದು ಈ ಒಂದು ಖರ್ಚಿಗೆ.

ಇಲ್ಲಿನ ಕಂಪನಿ ಆಗುವುದಿಲ್ಲ ಅಂದರೆ, ಬೇರೆ ದೇಶದಿಂದ ಬರುವ ಅತಿಥಿಗಳಿಗೆಂದೇ ಜರ್ಮನಿಯಲ್ಲಿ ಮಾರುವ ಪಾಲಿಸಿಗಳಿವೆ. ಕೆಲವದರಲ್ಲಿ ಬಸುರಿನ ತುರ್ತು ಚಿಕಿತ್ಸೆ ಸೇರಿರುತ್ತದೆ. ನೀವು ಹೊರಡುವ ಮೊದಲೇ ನಿಮ್ಮವರು ಅಲ್ಲಿಂದ ಮಾಡಿಸಬಹುದು. ಅವರ ಕೆಲಸದ ಸರ್ಕಾರಿ ಆರೋಗ್ಯ ವಿಮೆಯಲ್ಲಿ ಹೆಂಡತಿಯನ್ನೂ ಸೇರಿಸಬಹುದಲ್ವಾ ಅಂತ ನೀವು ಕೇಳಬಹುದು. ಅದು ಅಲ್ಲಿ ನೆಲೆಸಿದವರಿಗೆ. ವಿಸಿಟ್ ವೀಸಾದಲ್ಲಿ ಹೋದವರಿಗೆ ಸಿಗುವುದಿಲ್ಲ. ಮಾಮೂಲಿ ತಪಾಸಣೆಗೆ ಹೇಗೂ ಕೈಯಿಂದಲೇ ಕಟ್ಟಬೇಕು. ಒಂದೇ ತಿಂಗಳು ಸಾಕು ಅಂದಿದ್ದಕ್ಕೆ ಇದೂ ಒಂದು ಕಾರಣ.

ಡಾಕ್ಟರ ಹತ್ತಿರ ಹೋದಾಗ ಹಿಮೋಗ್ಲೋಬಿನ್ ಎಷ್ಟಿದೆ ಕೇಳಿ. ಹಾರುವ ವಿಮಾನದೊಳಗಿನ ಗಾಳಿ 6,000ದಿಂದ 8,000 ಅಡಿ ಎತ್ತರದ ಗಾಳಿಯ ಹಾಗಿರುತ್ತದೆ. ನಮ್ಮ ಮುಳ್ಳಯ್ಯನಗಿರಿ ತುದಿ 6,300 ಅಡಿ ಚಿಲ್ಲರೆ. ಅಲ್ಲಿ ಹತ್ತು ಗಂಟೆ ಕೂತ ಹಾಗೆ. ಆರೋಗ್ಯವಂತರಿಗೆ ತೊಂದರೆಯಿಲ್ಲ. ರಕ್ತ ತುಂಬಾ ಕಡಿಮೆ ಇದ್ದರೆ ಡಾಕ್ಟರೇ ಬೇಡ ಅನ್ನಬಹುದು. ಬಸುರಿಯರಲ್ಲಿ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಅಂತ ಲೆಕ್ಕ.

ಬಸುರಿನಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ತುಂಬಾ ಹೊತ್ತು ಕೂತರೆ ಇನ್ನೂ ಜಾಸ್ತಿ. ನಿಮಗೆ ವಿಮಾನದ ಹತ್ತು ಗಂಟೆಯ ಜೊತೆಗೆ ದೇವನಹಳ್ಳಿವರೆಗಿನ ರಸ್ತೆಯೂ ಇದೆ. ಅದೇ ಐದಾರು ಗಂಟೆ. ಹಾಸನದಲ್ಲಿ ಇಳಿದು ಸ್ವಲ್ಪ ಓಡಾಡಿ, ಮುಂದೆ ಇನ್ನೊಂದು ಕಡೆ ನಿಲ್ಲಿಸಿ. ಸಾಧ್ಯವಾದರೆ ಹಿಂದಿನ ದಿನವೇ ಬೆಂಗಳೂರು ಸೇರಿಬಿಡಿ. ವಿಮಾನದಲ್ಲಿ ಓಡಾಡುವ ದಾರಿಯ ಪಕ್ಕದ ಸೀಟು ಕೇಳಿ, ಗಂಟೆಗೊಮ್ಮೆ ಎದ್ದು ನಡೆಯಿರಿ, ನೀರು ಕುಡಿಯುತ್ತಿರಿ. ಬಿಗಿ ಕಾಲುಚೀಲ ಬೇಕಾ ಅಂತ ಡಾಕ್ಟರನ್ನು ಕೇಳಿ. ಬೆಲ್ಟ್ ಹೊಟ್ಟೆಯ ಕೆಳಗೆ ಬರಲಿ.

ತಾಯಿ ಕಾರ್ಡ್ ಬಿಟ್ಟು ಹೋಗಬೇಡಿ. ಜರ್ಮನಿಯಲ್ಲೂ ಬಸುರಿಯರಿಗೆ ಇಂಥದೇ ಒಂದು ಪುಸ್ತಕ ಕೊಡುತ್ತಾರೆ, ಮುಟರ್‌ಪಾಸ್ ಅಂತ. ಹಾಗಾಗಿ ಇದರ ಬೆಲೆ ಅಲ್ಲಿನ ಡಾಕ್ಟರಿಗೆ ಗೊತ್ತು. ಕನ್ನಡ ಮಾತ್ರ ಗೊತ್ತಿರುವುದಿಲ್ಲ. ರಕ್ತದ ಗುಂಪು, ಸ್ಕ್ಯಾನ್ ವರದಿ, ನಡೆಯುತ್ತಿರುವ ಮಾತ್ರೆ, ಹೆರಿಗೆಯ ದಿನಾಂಕ ಎಲ್ಲವನ್ನೂ ನಿಮ್ಮ ಡಾಕ್ಟರಿಂದ ಇಂಗ್ಲಿಷಿನಲ್ಲಿ ಒಂದು ಪುಟ ಬರೆಸಿಕೊಳ್ಳಿ. ಅದು ಕೈಚೀಲದಲ್ಲಿರಲಿ, ಸೂಟ್‌ಕೇಸಿನಲ್ಲಿ ಬೇಡ. ಮನೆಯಿಂದ ಯಾವ ಹೆರಿಗೆ ಆಸ್ಪತ್ರೆ ಹತ್ತಿರ ಅಂತ ನಿಮ್ಮವರು ಈಗಲೇ ನೋಡಿಡಲಿ. ಅಲ್ಲಿ ತುರ್ತು ನಂಬರ್ 112. ತೀರಾ ತುರ್ತಲ್ಲದ, ಕ್ಲಿನಿಕ್ ಮುಚ್ಚಿದ ಹೊತ್ತಿಗೆ 116117. ರಕ್ತ ಕಂಡರೆ, ನೀರು ಹೋದರೆ, ಮಗುವಿನ ಅಲುಗಾಟ ಕಡಿಮೆಯಾದರೆ ಊರಿಗೆ ಫೋನ್ ಮಾಡಿ ಕೇಳುತ್ತಾ ಕೂರಬೇಡಿ. ನೇರ ಆಸ್ಪತ್ರೆಗೆ ಹೋಗಿ.

ಅತ್ತೆಯವರ ಜೊತೆ ವಾದ ಬೇಡ. ಮುಂದಿನ ತಪಾಸಣೆಗೆ ಅವರನ್ನೂ ಕರೆದುಕೊಂಡು ಹೋಗಿ, ಅವರ ಭಯವನ್ನು ಅವರೇ ಡಾಕ್ಟರಿಗೆ ಹೇಳಲಿ. ವಾಪಸ್ ಬರುವ ದಿನ ಗೊತ್ತಾದ ಮೇಲೆ ಸೀಮಂತದ ದಿನ ನೋಡಲು ಅವರಿಗೇ ಹೇಳಿ.